ಚೀಟಿಯಲ್ಲಿಲ್ಲದ ಪಾಪ

ಜನವರಿ ೧೪

ಅಣ್ಣ,

ನಿನ್ನ ಫೋನು ನೀರಿಗೆ ಬಿದ್ದು ಏಳು ತಿಂಗಳಾಯಿತು. ಆನೆಗಾತ್ರದ ಹಡಗುಗಳಿಗೆ ಬೆಸುಗೆ ಹಾಕುವವನಿಗೆ ಅಂಗೈ ಅಗಲದ ಫೋನೊಂದನ್ನು ರಿಪೇರಿ ಮಾಡಿಸಿಕೊಳ್ಳಲು ಆಗಲಿಲ್ಲವೆಂದರೆ ಏನು ಹೇಳಲಿ. ಇರಲಿ, ಕಾಗದವೇ ವಾಸಿ. ಫೋನಿನಲ್ಲಿ ನೀನು ‘ಹೂಂ’ ಬಿಟ್ಟು ಬೇರೇನೂ ಹೇಳುವವನಲ್ಲ. ಕಾಗದದಲ್ಲಿ ಬರೀ ‘ಹೂಂ’ ಅಂತ ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾದೀತು.

ಸುದ್ದಿ ಇದು. ಈ ವರ್ಷ ಪ್ರಥಮ ಪರಮಪ್ರಸಾದಕ್ಕೆ ಮಕ್ಕಳನ್ನು ತಯಾರು ಮಾಡುವ ಕೆಲಸವನ್ನು ಫಾದರ್ ನನಗೆ ಒಪ್ಪಿಸಿದ್ದಾರೆ. ಹಗಲು ನನ್ನ ಎರಡನೇ ತರಗತಿ ಇದ್ದೇ ಇದೆ. ವಾರಕ್ಕೆ ಮೂರು ದಿನ ಶಾಲೆ ಬಿಟ್ಟ ಮೇಲೆ ಅದೇ ಕೋಣೆಯಲ್ಲಿ ಧರ್ಮೋಪದೇಶ. ಒಟ್ಟು ಹದಿನಾಲ್ಕು ಮಕ್ಕಳು, ಅವರಲ್ಲಿ ನಿನ್ನ ಮಗಳು ಚೋಟುವೂ ಒಬ್ಬಳು. ಪಾಪನಿವೇದನೆ ಮಾರ್ಚ್ ಕೊನೆಗೆ, ಪರಮಪ್ರಸಾದ ಏಪ್ರಿಲ್‌ನಲ್ಲಿ.

ಚರ್ಚಿನ ಬಾಗಿಲ ಬಳಿಯ ಮರದ ಗೂಡಿನಲ್ಲಿರುವ ಕಿರುಹೊತ್ತಿಗೆಗಳನ್ನೆಲ್ಲ ಓದಿ ಮುಗಿಸಿದೆ. ಕೆಲವನ್ನು ಎರಡು ಸಲ. ನಮಗೆ ಕಲಿಸಿದ ಹಾಗೆ ಇವರಿಗೆ ಕಲಿಸಬಾರದೆಂದು ನಿಶ್ಚಯಿಸಿದ್ದೇನೆ. ನಮ್ಮಿಂದ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದರು, ತಪ್ಪಿದರೆ ಅಡಿಪಟ್ಟಿ. ನಾವು ಉತ್ತರಗಳನ್ನು ಕಲಿತೆವೇ ಹೊರತು ದೇವರ ಜೊತೆ ಮಾತಾಡುವುದನ್ನು ಕಲಿಯಲಿಲ್ಲ. ಏಳು ವರ್ಷದ ಮಗು ತನ್ನ ಮನಸ್ಸಿನಲ್ಲಿರುವುದನ್ನು ಯೇಸುಸ್ವಾಮಿಗೆ ಹೆದರದೆ ಹೇಳಬೇಕು. ಅದೊಂದು ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಆದರೆ ಶಾಲೆಯಲ್ಲಿ ನಾನು ಬಿತ್ತಿದ್ದಕ್ಕೆ ಮನೆಯಲ್ಲಿ ಯಾರಾದರೂ ನೀರುಣಿಸಬೇಕಲ್ಲ. ನೀನು ಚೋಟುವಿಗೆ ಬಣ್ಣದ ಪೆನ್ಸಿಲ್ ಕಳಿಸುತ್ತೀಯ, ಫ್ರಾಕ್ ಕಳಿಸುತ್ತೀಯ. ಅವಳ ವಿಶ್ವಾಸಕ್ಕೆ ಏನು ಕಳಿಸಿದ್ದೀಯ, ಹೇಳು. ನಾವು ಮೂವರೂ ಸಂಜೆ ಏಳಕ್ಕೆ ಜಪಸರ ಹೇಳುತ್ತೇವೆ. ನೀನೂ ಅದೇ ಹೊತ್ತಿಗೆ ಅಲ್ಲಿ ಹೇಳು. ಅಪ್ಪನೂ ಈಗ ಮೊಣಕಾಲೂರಿದ್ದಾನೆ ಎಂದು ನಾನು ಅವಳಿಗೆ ಸುಳ್ಳಾಡದೆ ಹೇಳುವಂತಾಗಲಿ.

ಅವ್ವ ನನ್ನನ್ನು ನೋಡಿ ನಗುತ್ತಾಳೆ. “ಆ ಪುಸ್ತಕ ಬರೆದೋರಿಗೆ ಮಕ್ಕಳಿದ್ರೇನೇ?” ಅಂತ ಕೇಳುತ್ತಾಳೆ. ಬರೆದವರು ಫಾದರುಗಳು ಎಂದೆ. “ಅದಕ್ಕೇ ಅಷ್ಟು ಸಲೀಸಾಗಿ ಬರ್ದಿದಾರೆ” ಎಂದಳು.

ಒಂದು ಸಂತೋಷದ ವಿಷಯ. ಪೂಜೆಯಲ್ಲಿ ಫಾದರ್ ರೊಟ್ಟಿಯನ್ನು ಎತ್ತಿ ಹಿಡಿದಾಗ ಗಂಟೆ ಬಾರಿಸುತ್ತಾರಲ್ಲ, ಆಗ ಚೋಟುವನ್ನು ನೀನು ನೋಡಬೇಕು. ಬೇರೆ ಮಕ್ಕಳು ಆಕಳಿಸುತ್ತಿರುತ್ತವೆ. ಇವಳು ಹಣೆ ಬೆಂಚಿಗೆ ತಾಗುವಷ್ಟು ಬಾಗುತ್ತಾಳೆ, ಕಣ್ಣು ಬಿಗಿಯಾಗಿ ಮುಚ್ಚುತ್ತಾಳೆ, ಮೈ ಸಣ್ಣಗೆ ನಡುಗುತ್ತದೆ. ಇಷ್ಟು ಸಣ್ಣವರಲ್ಲಿ ಇಂಥ ಭಕ್ತಿಯನ್ನು ನಾನು ಕಂಡಿಲ್ಲ. ಅವ್ವನಿಗೆ ಹೇಳಿದರೆ “ಚಳಿಗಿರ್ಬೇಕು, ಸ್ವೆಟರ್ ಹಾಕು” ಎಂದಳು. ಅತ್ತಿಗೆ ಇದ್ದಿದ್ದರೆ ಅವರಿಗೆ ಅರ್ಥವಾಗುತ್ತಿತ್ತು.

ನಿನ್ನ ತಂಗಿ


ಫೆಬ್ರವರಿ ೨

ಟೀಚರಮ್ಮನವರಿಗೆ,

ನಿನ್ನ ಕಾಗದ ಬಿಚ್ಚುವ ಮೊದಲು ಶಿಲುಬೆ ಗುರುತು ಹಾಕಿಕೊಂಡೆ. ಓದಿ ಮುಗಿಸಿದ ಮೇಲೂ ಹಾಕಿಕೊಂಡೆ.

ನಾನು ಚೆನ್ನಾಗಿದ್ದೇನೆ. ಕೋಣೆಯಲ್ಲಿ ಆರು ಮಂಚ, ಮೇಲೊಂದು ಕೆಳಗೊಂದು. ನನ್ನದು ಮೇಲಿನದು, ಎದ್ದರೆ ತಲೆ ತಗಡಿಗೆ ಬಡಿಯುತ್ತದೆ. ಕೆಳಗಿನವನು ಗೊರಕೆ ಹೊಡೆಯುವುದು ಕೇಳಿದರೆ ಹಡಗಿನ ಎಂಜಿನ್ ಇಲ್ಲಿಗೇ ತಂದಿಟ್ಟರೋ ಅನ್ನಿಸಬೇಕು. ಈಗ ಹೊಸ ಕೆಲಸ ಕೊಟ್ಟಿದ್ದಾರೆ, ಹಡಗಿನ ತಳದೊಳಗೆ. ಮಂಡಿಯೂರಿಯೇ ಬೆಸುಗೆ ಹಾಕಬೇಕು, ನಿಲ್ಲಲು ಜಾಗವಿಲ್ಲ. ಸಂಜೆ ಎಂಟಕ್ಕೆ ಬಿಡುತ್ತಾರೆ. ಆದ್ದರಿಂದ ನಾನು ಮೊಣಕಾಲೂರಿದ್ದೇನೆ ಎಂದು ನೀನು ಚೋಟುವಿಗೆ ಧೈರ್ಯವಾಗಿ ಹೇಳಬಹುದು.

ಜಪಸರವನ್ನೂ ಹೇಳುತ್ತೇನೆ. ಏಳಕ್ಕೇ.

ಫೋನು ನೋಡುತ್ತೇನೆ. ಇಲ್ಲಿ ಎಲ್ಲ ದೂರ.

ಅವಳು ಪೂಜೆಯಲ್ಲಿ ಬಾಗುವ ವಿಷಯ ಓದಿ ಖುಷಿಯಾಯಿತು. ಅಮ್ಮನ ಗುಣ ಬಂದಿದೆ. ಅವಳ ಅಮ್ಮನೂ ಹಾಗೇ, ಚರ್ಚಿನಲ್ಲಿ ಪಕ್ಕದಲ್ಲಿ ಯಾರಿದ್ದಾರೆಂದು ನೋಡುತ್ತಿರಲಿಲ್ಲ. ನಾನೇ ಎಷ್ಟೋ ಸಲ ಕೆಮ್ಮಿ ಕರೆಯಬೇಕಾಗುತ್ತಿತ್ತು.

ಇದರ ಜೊತೆ ಚೋಟುವಿಗೆ ಹಡಗಿನ ಚಿತ್ರ ಬರೆದು ಇಟ್ಟಿದ್ದೇನೆ. ಬಣ್ಣ ತುಂಬಲಿ. ಅವಳನ್ನು ತೀರ ಸಂತಳನ್ನಾಗಿ ಮಾಡಬೇಡ. ಸ್ವಲ್ಪ ತುಂಟತನ ಉಳಿಸಿಡು, ನಾನು ಬಂದಾಗ ಬೇಕಾಗುತ್ತದೆ.

ಅಣ್ಣ


ಮಾರ್ಚ್ ೧

ಅಣ್ಣ,

ಇದನ್ನು ಕೂತು ಓದು. ಮೇಲಿನ ಮಂಚದಲ್ಲಿ ಬೇಡ.

ಕಳೆದ ವಾರ ಮಕ್ಕಳಿಗೆ ಪಾಪನಿವೇದನೆಯ ಅಭ್ಯಾಸ ಮಾಡಿಸಿದೆ. ಮೊದಲ ಸಲ ಆ ಪೀಠದ ಮುಂದೆ ಮಂಡಿಯೂರುವ ಮಗುವಿಗೆ ನಾಲಿಗೆ ಒಣಗುತ್ತದೆ. ನನಗೆ ಒಣಗಿದ್ದು ಇವತ್ತಿಗೂ ನೆನಪಿದೆ. ಅದಕ್ಕೆ ಭೂಪಟ ನೇತುಹಾಕುವ ಕಂಬಕ್ಕೆ ಹಾಸಿಗೆಯ ಚಾದರ ಕಟ್ಟಿ, ಆಚೆ ನನ್ನ ಕುರ್ಚಿ, ಈಚೆ ಮಕ್ಕಳಿಗೆ ಒಂದು ದಿಂಬು ಇಟ್ಟೆ. ಪಾಪನಿವೇದನೆ ಕೇಳುವಾಗ ಫಾದರ್ ಕೊರಳಿಗೆ ಹಾಕುವ ನೇರಳೆ ಪಟ್ಟಿಯಲ್ಲಿ ಹಳೆಯದೊಂದನ್ನು ಅವರಿಂದ ಕೇಳಿ ತಂದು ಕುರ್ಚಿಯ ಮೇಲೆ ಇಳಿಬಿಟ್ಟೆ. ಮುಖ ಕಾಣದ ಧ್ವನಿಗೆ ಮಕ್ಕಳು ಹೊಂದಿಕೊಳ್ಳಬೇಕು ಎಂದು ಕಿರುಹೊತ್ತಿಗೆಯಲ್ಲಿ ಬರೆದಿತ್ತು. ನಾನು ಧ್ವನಿ ದಪ್ಪ ಮಾಡಿ, ಫಾದರ್ ಕೆಮ್ಮುವ ಹಾಗೆ ಕೆಮ್ಮಿ ಕೂತೆ.

ಮಕ್ಕಳು ತಮ್ಮ ನಿಜವಾದ ಪಾಪವನ್ನು ನನ್ನ ಮುಂದೆ ಹೇಳಬಾರದಲ್ಲ, ಅದಕ್ಕೆ ಹದಿನಾಲ್ಕು ಚೀಟಿಗಳಲ್ಲಿ ಹದಿನಾಲ್ಕು ಪಾಪ ಬರೆದು ಡಬ್ಬಿಯಲ್ಲಿ ಹಾಕಿದ್ದೆ. ‘ಪೆನ್ಸಿಲ್ ಕದ್ದೆ’, ‘ಪ್ರಾರ್ಥನೆ ಮರೆತು ಮಲಗಿದೆ’, ಹೀಗೆ. ನನಗೆ ಎಂಟರ ಮೇಲೆ ಹೊಳೆಯಲಿಲ್ಲ. ಅವ್ವನನ್ನು ಕೇಳಿದರೆ ಒಂದೇ ಉಸಿರಿಗೆ ಆರು ಹೇಳಿದಳು, ಆರೂ ಪಕ್ಕದ ಮನೆಯವರದ್ದು. ಮೊದಲು ಚೀಟಿ ಹಂಚುವಾಗ ಬೇಕರಿಯವರ ಮಗ ತನ್ನದನ್ನು ಓದಿಕೊಂಡು ವಾಪಸ್ ಬಂದ. “ಟೀಚರ್, ಇದು ತುಂಬ ಚಿಕ್ಕ ಪಾಪ, ಬೇರೆ ಕೊಡಿ” ಎಂದ. ಎಲ್ಲರೂ ನಕ್ಕೆವು.

ಆಮೇಲೆ ಎಲ್ಲರನ್ನೂ ಜಗಲಿಗೆ ಕಳಿಸಿ ಒಬ್ಬೊಬ್ಬರನ್ನೇ ಒಳಗೆ ಕರೆದೆ, ಚೋಟು ಕೊನೆಯವಳು. ಹಿಂದಿನ ದಿನ ಜ್ವರವೆಂದು ತರಗತಿಗೆ ಬಂದಿರಲಿಲ್ಲ. ಇದು ಅಭ್ಯಾಸ ಮಾತ್ರ ಎಂದು ನಾನು ಅವತ್ತೇ ವಿವರಿಸಿದ್ದೆ. ಅವಳಿಗೆ ಮತ್ತೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವಳಿಗೆ ಬಂದ ಚೀಟಿ ‘ತಮ್ಮನಿಗೆ ಹೊಡೆದೆ’. ಚಾದರದ ಕೆಳಗಿನಿಂದ ಆ ಚೀಟಿಯನ್ನು ನನ್ನ ಕಡೆಗೆ ತಳ್ಳಿ, “ಇದು ಪಾಪ ಇಲ್ದೋರಿಗೆ. ನಂದು ನನ್ನ ಹತ್ರ ಇದೆ” ಎಂದಳು. ಆಮೇಲೆ ಹೇಳಿದಳು.

ಅತ್ತಿಗೆಯ ದಿಂಬಿನ ಪಕ್ಕ ಹಿತ್ತಾಳೆಯ ಗಂಟೆ ಇಟ್ಟಿದ್ದೆವಲ್ಲ, ಏನಾದರೂ ಬೇಕಾದರೆ ಬಾರಿಸಲೆಂದು. ಜೂನ್‌ನಲ್ಲಿ ಅವರು ತೀರಿಕೊಂಡ ಆ ಮಧ್ಯಾಹ್ನ ನಾನು ಶಾಲೆಯಲ್ಲಿದ್ದೆ, ಅವ್ವ ಸಂತೆಗೆ ಹೋಗಿದ್ದಳು. ಚೋಟು ನಡುಮನೆಯಲ್ಲಿ ಬೊಂಬೆಗೆ ಊಟ ಮಾಡಿಸುತ್ತಿದ್ದಳಂತೆ. “ಅಮ್ಮ ಸುಮ್ಸುಮ್ನೆ ಬಾರಿಸ್ತಿದ್ಳು. ನೀರು ಅಂತಾಳೆ, ಕೊಟ್ರೆ ಬೇಡ ಅಂತಾಳೆ. ಅವಳು ಕಣ್ಣು ಮುಚ್ಚಿದಾಗ ಅಜ್ಜಿಯ ಉಣ್ಣೆ ದಾರ ತಂದು ಗಂಟೆಯ ನಾಲಿಗೆಗೆ ಸುತ್ತಿಬಿಟ್ಟೆ.” ನಾಲ್ಕು ಗಂಟೆಗೆ ಅವ್ವ ಬಂದು ಕಿರುಚಿದಾಗ ಇವಳು ಓಡಿಹೋಗಿ ದಾರ ಬಿಚ್ಚಿ ತನ್ನ ಶೂ ಒಳಗೆ ತುರುಕಿದಳು. “ಅಮ್ಮ ಬಾರಿಸಿರ್ತಾಳೆ. ಕೇಳಿಸಿರಲ್ಲ” ಎಂದಳು.

ಅಣ್ಣ, ನಾನು ಭಕ್ತಿ ಎಂದುಕೊಂಡದ್ದು ಅದು. ಎಂಟು ತಿಂಗಳಿಂದ ಪ್ರತಿ ಭಾನುವಾರ ಆ ಮಗು ಗಂಟೆಯ ಸದ್ದಿಗೆ ಹಾಗೆ ಮುದುರುತ್ತಿದೆ, ನಾನು ಅದನ್ನು ಬೇರೆ ಮಕ್ಕಳಿಗೆ ಮಾದರಿಯೆಂದು ತೋರಿಸುತ್ತಿದ್ದೆ.

ಯೇಸುಸ್ವಾಮಿ ಕೇಳಿಸಿಕೊಂಡಿದ್ದಾರೆ, ಸಮಾಧಾನದಿಂದ ಹೋಗು ಎಂದು ಹೇಳಿ ಕಳಿಸಿದೆ. ಅವಳು ಕುಣಿಯುತ್ತಾ ಹೋದಳು. ಮನೆಯಲ್ಲಿ ಎರಡು ಸಲ ಹಾಕಿಸಿಕೊಂಡು ಉಂಡಳು. ಅವ್ವ ಆಶ್ಚರ್ಯಪಟ್ಟಳು.

ಅರ್ಧ ಕೆಲಸ ಆಗಿದೆ, ಉಳಿದರ್ಧ ನಿನ್ನದು. ತಂದೆಯ ಕ್ಷಮೆಯಲ್ಲಿ ಮಗು ದೇವರ ಕ್ಷಮೆಯ ಮುಖ ನೋಡುತ್ತದೆ ಎಂದು ಓದಿದ್ದೇನೆ, ಅದನ್ನು ಪೂರ್ತಿ ನಂಬುತ್ತೇನೆ. ಅವಳಿಗೆ ನಿನ್ನ ಕೈಯಾರೆ ಒಂದು ಕಾಗದ ಬರೆ. ತಡಮಾಡಬೇಡ.

ನಿನ್ನ ತಂಗಿ


ಮಾರ್ಚ್ ೧೧

ನನ್ನ ಚೋಟುವಿಗೆ,

ನೀನು ಬಣ್ಣ ತುಂಬಿ ವಾಪಸ್ ಕಳಿಸಿದ ಹಡಗು ಚೆನ್ನಾಗಿದೆ. ಕೆಂಪು ಹಡಗು ಇಲ್ಲಿ ಒಂದೂ ಇಲ್ಲ, ಇರಬೇಕಿತ್ತು.

ಅಪ್ಪನಿಗೆ ಗಂಟೆಯ ವಿಷಯ ಗೊತ್ತಾಯಿತು. ದಾರದ ವಿಷಯವೂ ಗೊತ್ತಾಯಿತು. ನನಗೆ ನಿನ್ನ ಮೇಲೆ ಕೋಪ ಇಲ್ಲ. ನಿನ್ನನ್ನು ಕ್ಷಮಿಸಿದ್ದೇನೆ. ಅಮ್ಮನೂ ಕ್ಷಮಿಸಿರುತ್ತಾಳೆ. ನೀನು ಸಣ್ಣವಳು, ನಿನಗೆ ಗೊತ್ತಿರಲಿಲ್ಲ. ಇನ್ನು ಅದನ್ನು ನೆನೆದು ಹೆದರಬೇಡ.

ಅಜ್ಜಿಯ ಮಾತು ಕೇಳು. ಚೆನ್ನಾಗಿ ಊಟ ಮಾಡು.

ನಿನ್ನ ಅಪ್ಪ


ಮಾರ್ಚ್ ೨೪

ಅಣ್ಣ,

ನಿನ್ನ ಕಾಗದ ಬಂದು ವಾರವಾಯಿತು. ಕವರಿನಲ್ಲಿ ನನಗೆ ಒಂದು ಸಾಲೂ ಇರಲಿಲ್ಲ. ಕೆಲಸದ ಅವಸರ ಎಂದುಕೊಂಡೆ. ಅಥವಾ ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಅವಳಿಗೆ ಈಗ ಓದಲು ಬರುತ್ತದೆ, ನಾನೇ ಕಲಿಸಿದ್ದು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನಾನು ಅವಳ ಮುಖ ಅರಳುವುದನ್ನು ನೋಡಲು ಬಾಗಿಲಲ್ಲೇ ನಿಂತಿದ್ದೆ. ಓದಿ ಮುಗಿಸಿ ಕಾಗದವನ್ನು ನಾಲ್ಕಾಗಿ ಮಡಚಿದಳು. ಆಮೇಲೆ ಅವ್ವನನ್ನು ಕೇಳಿದಳು.

“ಅಜ್ಜಿ, ಯೇಸುಸ್ವಾಮಿ ಹೇಳಿದ್ದು ಎಲ್ಲರಿಗೂ ಕೇಳುತ್ತಾ?”

“ಭಕ್ತಿ ಇದ್ದೋರಿಗೆ ಕೇಳುತ್ತೆ ಪುಟ್ಟಿ.”

“ಅಪ್ಪನಿಗೆ ಕೇಳಿದೆ. ನಾನು ಯೇಸುಸ್ವಾಮಿಗೆ ಮಾತ್ರ ಹೇಳಿದ್ದೆ. ಅವರು ಅಪ್ಪನಿಗೆ ಹೇಳಿಬಿಟ್ರು.”

ಅವ್ವನಿಗೆ ತಲೆಬುಡ ಅರ್ಥವಾಗಲಿಲ್ಲ. ನನಗಾಯಿತು.

ಹಿಂದಿನ ಕಾಗದದಲ್ಲಿ ನಿನಗೆ ಒಂದು ಮಾತು ಬಿಟ್ಟು ಬರೆದಿದ್ದೆ, ಈಗ ಬರೆಯುತ್ತೇನೆ. ಅವಳು ಎದ್ದು ಹೋಗುವ ಮೊದಲು “ಯಾರಿಗೂ ಹೇಳಲ್ಲ ಅಲ್ವಾ, ಫಾದರ್?” ಎಂದು ಕೇಳಿದ್ದಳು. ನಾನು ಅದೇ ದಪ್ಪ ಧ್ವನಿಯಲ್ಲಿ “ಇಲ್ಲ ಮಗು, ಯಾರಿಗೂ ಹೇಳುವುದಿಲ್ಲ” ಎಂದಿದ್ದೆ. ಅವಳು ನನ್ನನ್ನು ಫಾದರ್ ಎಂದೇ ತಿಳಿದಿದ್ದಾಳೆಂದು ಆ ಕ್ಷಣ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಚಾದರ ಸರಿಸಲಿಲ್ಲ. ಅಷ್ಟು ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಕೆಡಿಸಲಿ ಎಂದುಕೊಂಡೆ. ಮೂರು ದಿನದ ಮೇಲೆ ನಿನಗೆ ನಾಲ್ಕು ಹಾಳೆ ಬರೆದೆ.

ಶನಿವಾರ ನಿಜವಾದ ಪಾಪನಿವೇದನೆ ಇತ್ತು. ಚೋಟು ಎಲ್ಲರಿಗಿಂತ ಬೇಗ ಮುಗಿಸಿ ಬಂದಳು. ನಾನು ಏನೂ ಕೇಳಬಾರದಿತ್ತು, ಕೇಳಲೂ ಇಲ್ಲ. ದಾರಿಯಲ್ಲಿ ಅವಳೇ ಹೇಳಿದಳು, “ಚೀಟೀಲಿದ್ದದ್ದು ಹೇಳ್ದೆ. ತಮ್ಮನಿಗೆ ಹೊಡೆದೆ ಅಂತ.”

“ನಿನಗೆ ತಮ್ಮ ಇಲ್ವಲ್ಲೇ?”

“ಅದಕ್ಕೇ. ಹೇಳಿದ್ರೂ ಯಾರಿಗೂ ಏನೂ ಆಗಲ್ಲ.”

ಸಂಜೆ ಜಪಸರಕ್ಕೆ ಕೂರುತ್ತಾಳೆ. ಬಾಯಿ ಆಡಿಸುತ್ತಾಳೆ. ಮೊದಲೆಲ್ಲ ಕೊನೆಯಲ್ಲಿ ತನ್ನದೇ ಮಾತಿನಲ್ಲಿ ಏನಾದರೂ ಕೇಳುತ್ತಿದ್ದಳು, ನಾಯಿಮರಿಯ ಕಾಲು ವಾಸಿಯಾಗಲಿ, ಅಪ್ಪನ ತಲೆ ತಗಡಿಗೆ ಬಡಿಯದಿರಲಿ ಎಂದು. ಈಗ ಕೇಳುವುದಿಲ್ಲ. ಏನಾದರೂ ಹೇಳೇ ಎಂದರೆ “ಅವರು ಹೇಳಿಬಿಡ್ತಾರೆ” ಎನ್ನುತ್ತಾಳೆ.

ಫಾದರ್ ಹತ್ತಿರ ಹೋದೆ. ಮಗು ಹೇಳಿದ್ದೇನೆಂದು ಹೇಳಲಿಲ್ಲ, ನಾನು ಮಾಡಿದ್ದೇನೆಂದು ಮಾತ್ರ ಹೇಳಿದೆ. ಅವರು ಹಿಂದಿನ ಕೋಣೆಯಲ್ಲಿ ಕೂತು ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಉದ್ದ ನೋಡಿ ಬೇರೆ ಬೇರೆ ಮಾಡುತ್ತಿದ್ದರು. “ನಲವತ್ತು ವರ್ಷದಿಂದ ಆ ಕುರ್ಚಿಲಿ ಕೂತಿದ್ದೀನಿ ಮಗಳೇ. ಎದ್ದು ಬರೋವಾಗ ಕೇಳಿದ್ದನ್ನೆಲ್ಲ ಅಲ್ಲೇ ಬಿಟ್ಟು ಬರ್ತೀನಿ. ನೀನು ಒಂದೇ ದಿನ ಕೂತೆ, ಮನೆಗೆ ತಗೊಂಡು ಹೋದೆ” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಕೇಳಿದರು, “ಮಗು ಈಗ ಯಾರ ಮೇಲೆ ಮುನಿಸ್ಕೊಂಡಿದೆ?” ದೇವರ ಮೇಲೆ ಎಂದೆ. “ಯಾರ ಮೇಲೆ ಮುನಿಸ್ಕೋಬೇಕಿತ್ತು?” ಎಂದು ಕೇಳಿ ಮತ್ತೆ ಮೇಣದಬತ್ತಿಗೆ ಕೈ ಹಾಕಿದರು.

ಅಣ್ಣ, ಏನು ಮಾಡಬೇಕೆಂದು ನನಗೆ ಗೊತ್ತು, ಮಾಡಲಾಗುತ್ತಿಲ್ಲ. ಕುರ್ಚಿಯಲ್ಲಿದ್ದದ್ದು ನಾನು ಎಂದು ಹೇಳಿದರೆ ಈ ಮನೆಯಲ್ಲಿ ಅವಳಿಗೆ ನನ್ನ ಮೇಲಿರುವ ನಂಬಿಕೆ ಹೋಗುತ್ತದೆ. ಹೇಳದಿದ್ದರೆ ದೇವರು ಚಾಡಿಕೋರ ಎಂದುಕೊಂಡೇ ಬೆಳೆಯುತ್ತಾಳೆ. ಪರಮಪ್ರಸಾದ ಮುಗಿಯಲಿ, ಆಮೇಲೆ ಹೇಳೋಣ ಎಂದು ಮನಸ್ಸು ಹೇಳುತ್ತದೆ. ಮುಚ್ಚಿದ ಮನಸ್ಸಿನಿಂದ ಅವಳನ್ನು ಆ ಸಾಲಿನಲ್ಲಿ ನಿಲ್ಲಿಸುವುದು ಸರಿಯೇ? ಪರಮಪ್ರಸಾದಕ್ಕೆ ಇನ್ನು ಮೂರು ವಾರ ಇಲ್ಲ. ಗೂಡಿನಲ್ಲಿರುವ ಯಾವ ಹೊತ್ತಿಗೆಯಲ್ಲೂ ಇದಕ್ಕೆ ಪುಟವಿಲ್ಲ.

ನೀನು ಹೇಳು.

ತಂಗಿ


ಏಪ್ರಿಲ್ ೩

ತಂಗಿ,

ಮೊದಲು ನಿನ್ನ ಕಾಗದವನ್ನು ಹರಿದು ಹಾಕಿದೆ. ಆಮೇಲೆ ಚೂರುಗಳನ್ನು ಆರಿಸಿ ಮತ್ತೆ ಓದಿದೆ. ಆ ಮಗುವಿಗೆ ಮಾತು ಕೊಟ್ಟು ಮೂರೇ ದಿನದಲ್ಲಿ ನನಗೆ ಬರೆಯಲು ನಿನಗೆ ಹೇಗೆ ಮನಸ್ಸು ಬಂತು? ಲೋಕದಲ್ಲಿ ಎಲ್ಲವನ್ನೂ ಸರಿಮಾಡುವ ಗುತ್ತಿಗೆ ನಿನಗೆ ಯಾರು ಕೊಟ್ಟರು? ಚಿಕ್ಕಂದಿನಿಂದ ನೀನು ಹೀಗೇ. ಗಾಯ ಕಂಡರೆ ಬೆರಳು ಹಾಕಿ ನೋಡಬೇಕು ನಿನಗೆ.

ಬೈದಾಯಿತು. ಈಗ ನನ್ನದು.

ಫೋನು ನೀರಿಗೆ ಬಿದ್ದಿಲ್ಲ. ನನ್ನ ಪೆಟ್ಟಿಗೆಯ ತಳದಲ್ಲಿ, ಬಟ್ಟೆಯ ಕೆಳಗೆ ಇದೆ. ಜೂನ್‌ನಿಂದ ಅದನ್ನು ಕಿವಿಗೆ ಇಡಲು ಆಗಿಲ್ಲ.

ಆ ಮಧ್ಯಾಹ್ನ ಮೂರೂವರೆಗೆ ಚೋಟುವಿನ ಅಮ್ಮ ನನಗೆ ಫೋನ್ ಮಾಡಿದ್ದಳು. ಇದನ್ನು ನಾನು ಯಾರಿಗೂ ಹೇಳಿಲ್ಲ. “ಇವತ್ತು ಹೊರಡ್ತೀರಾ?” ಎಂದಳು. ಹಡಗು ನೀರಿಗಿಳಿಸುವ ದಿನ ಹತ್ತಿರವಿತ್ತು. ತಿಂಗಳ ಕೊನೆಗೆ ಬರ್ತೀನಿ ಅಂದೆನಲ್ಲ ಎಂದೆ. “ಅಲ್ಲಿವರೆಗೆ ಆಗಲ್ಲ ಅನ್ಸುತ್ತೆ” ಎಂದಳು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ನನಗೆ ರೇಗಿತು. “ದಿನಾ ಇದೇ ಹೇಳ್ತೀಯ” ಎಂದೆ. “ಸರಿ, ನಿದ್ದೆ ಬರ್ತಿದೆ, ಮಲಗ್ತೀನಿ. ಚೋಟು ಆಟ ಆಡ್ತಿದಾಳೆ, ಆಡ್ಲಿ” ಎಂದು ಇಟ್ಟಳು. ಅದೇ ಕೊನೆ.

ಆಮೇಲೆ ಗಂಟೆಗೆ ಕೈ ಹಾಕಿದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಿದ್ದೆಯಲ್ಲೇ ಹೋಗಿದ್ದಾರೆ ಎಂದು ಡಾಕ್ಟರ್ ಹೇಳಿದ್ದರು. ನನಗೆ ಗೊತ್ತಿರುವುದು ಒಂದೇ. ಅವಳು ಕರೆದದ್ದು ಮಗುವನ್ನಲ್ಲ. ನನ್ನನ್ನು ಕರೆದಳು. ನನಗೆ ಚೆನ್ನಾಗಿ ಕೇಳಿಸಿತು. ಹೋಗಲಿಲ್ಲ.

ನಿನ್ನ ಮಾರ್ಚ್ ಕಾಗದ ಓದಿದಾಗ ಏನಾಯಿತು ಗೊತ್ತಾ? ಮೊದಲು ಅಳು ಬಂತು. ಅದರ ಹಿಂದೆಯೇ, ಹೇಳಲು ನಾಚಿಕೆ, ಎದೆ ಹಗುರಾಯಿತು. ತಪ್ಪು ಹೊರಲು ಇನ್ನೊಬ್ಬರು ಸಿಕ್ಕರಲ್ಲ ಎಂದು. ಏಳು ವರ್ಷದ ಮಗು. ಕ್ಷಮಿಸುವವನ ಜಾಗದಲ್ಲಿ ಹೋಗಿ ಕೂತರೆ ಇನ್ನೊಂದು ಜಾಗದಿಂದ ಎದ್ದ ಹಾಗಾಗುತ್ತದೆ ಅಂದುಕೊಂಡೆ. ‘ನಿನ್ನನ್ನು ಕ್ಷಮಿಸಿದ್ದೇನೆ’ ಎಂದು ಬರೆದೆ. ಅವಳು ತಪ್ಪು ಮಾಡಿದ್ದಾಳೆ ಎಂದು ಅವಳಿಗೆ ಬರೆದು ಕೊಟ್ಟವನು ನಾನೇ. ನೀನು ಕುರ್ಚಿಯಲ್ಲಿ ಕೂತದ್ದಕ್ಕಿಂತ ಇದು ಕಡಿಮೆಯೇನಲ್ಲ.

ಜಪಸರವೂ ಸುಳ್ಳು. ಮಣ್ಣು ಮಾಡಿದ ದಿನದಿಂದ ನಾನು ಚರ್ಚಿನ ಒಳಗೆ ಕಾಲಿಟ್ಟಿಲ್ಲ. ಭಾನುವಾರ ಬಟ್ಟೆ ಒಗೆಯುತ್ತೇನೆ.

ರಜೆ ಕೇಳಿದೆ. ಪರಮಪ್ರಸಾದದ ಭಾನುವಾರಕ್ಕೆ ಕೊಡುವುದಿಲ್ಲವಂತೆ. ಇಪ್ಪತ್ತಾರರಿಂದ ಐದು ದಿನ ಕೊಟ್ಟಿದ್ದಾರೆ. ಫೋನಿನ ವಿಷಯವನ್ನು ನಾನೇ ಬಂದು ಚೋಟುವಿಗೆ ಹೇಳುತ್ತೇನೆ. ಬರೆಯುವುದಿಲ್ಲ. ನಿನ್ನದನ್ನು ನೀನು ಹೇಳು, ಸಾಲಿನಲ್ಲಿ ನಿಲ್ಲಿಸುವ ಮೊದಲು.

ಅಣ್ಣ


ಏಪ್ರಿಲ್ ೧೪

ಅಣ್ಣ,

ಹೇಳಿದೆ.

ಗುರುವಾರ ಉಳಿದ ಮಕ್ಕಳು ಹೋದ ಮೇಲೆ ಅವಳನ್ನು ಉಳಿಸಿಕೊಂಡೆ. ಅವರ ಬೆಂಚಿನಲ್ಲಿ ನಾನು ಕೂತರೆ ಮಂಡಿ ಗದ್ದಕ್ಕೆ ತಾಗುತ್ತದೆ. ಹಾಗೇ ಕೂತು ಹೇಳಿದೆ. ಚಾದರದ ಆಚೆ ಇದ್ದದ್ದು ಫಾದರ್ ಅಲ್ಲ, ನಾನು. ಅಪ್ಪನಿಗೆ ಬರೆದದ್ದೂ ನಾನು. ಯೇಸುಸ್ವಾಮಿ ಯಾರಿಗೂ ಏನೂ ಹೇಳಿಲ್ಲ.

ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಅವತ್ತು ಕೆಮ್ಮಿದ್ದೂ ಸುಳ್ಳಾ?”

“ಸುಳ್ಳು.”

“ಹೇಳಲ್ಲ ಅಂದದ್ದು?”

“ಅದೂ.”

ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿದಳು. ಅವಳು ಅಳುತ್ತಾಳೆ, ನಾನು ಎತ್ತಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಎಲ್ಲ ತಯಾರು ಮಾಡಿಕೊಂಡಿದ್ದೆ. ಅವಳು ಅಳಲಿಲ್ಲ.

“ಹಾಗಾದ್ರೆ ಯೇಸುಸ್ವಾಮಿಗೆ ಗೊತ್ತೇ ಇಲ್ವಾ?”

“ಅವರಿಗೆ ಮೊದಲೇ ಗೊತ್ತು ಪುಟ್ಟಿ.”

“ಯಾರು ಹೇಳಿದ್ರು?”

“ಯಾರೂ ಹೇಳ್ಬೇಕಾಗಿಲ್ಲ. ಅವತ್ತು ಅವರೂ ಮನೇಲೇ ಇದ್ರು, ನಿಮ್ಮ ಜೊತೆ.”

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು.

“ಇದ್ರೆ ದಾರ ಯಾಕೆ ಬಿಚ್ಚಲಿಲ್ಲ?”

ಅಣ್ಣ, ಕಳೆದ ಮೂರು ತಿಂಗಳಲ್ಲಿ ಈ ಮಕ್ಕಳು ಕೇಳಿದ ಯಾವ ಪ್ರಶ್ನೆಗೂ ನಾನು ಉತ್ತರ ಕೊಡದೆ ಬಿಟ್ಟಿಲ್ಲ. ನಾಯಿಗಳು ಸ್ವರ್ಗಕ್ಕೆ ಹೋಗುತ್ತವೆಯೇ ಎಂಬುದಕ್ಕೂ ಉತ್ತರ ಕೊಟ್ಟಿದ್ದೇನೆ. ಇದಕ್ಕೆ “ಗೊತ್ತಿಲ್ಲ” ಎಂದೆ. “ಫಾದರನ್ನ ಕೇಳ್ತೀನಿ. ನಿಜವಾದ ಫಾದರನ್ನ” ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಶನಿವಾರ ಅವಳೇ ಹೋಗಿ ಪಾಪನಿವೇದನೆಯ ಸಾಲಿನಲ್ಲಿ ನಿಂತಳು, ದೊಡ್ಡವರ ನಡುವೆ. ನಾನು ಚರ್ಚಿನ ಹೊರಗೆ ಮೆಟ್ಟಿಲ ಮೇಲಿದ್ದೆ. ಒಳಗೆ ಹೋದವಳು ಎಷ್ಟೋ ಹೊತ್ತಾದರೂ ಬರಲಿಲ್ಲ. ಹಿಂದೆ ನಿಂತಿದ್ದ ಹೆಂಗಸೊಬ್ಬಳು ಹೊರಗೆ ಬಂದು “ಗೇಣುದ್ದ ಇದ್ದಾಳೆ, ಅದೆಷ್ಟು ಪಾಪ ಮಾಡಿದಾಳಪ್ಪ” ಎಂದು ನಕ್ಕಳು. ನಾನೂ ನಗಬೇಕಾಯಿತು. ಕೊನೆಗೆ ಬಂದಳು. ಕಣ್ಣು ಊದಿತ್ತು, ಮೂಗು ಒರೆಸಿಕೊಂಡಿದ್ದ ಗುರುತು ತೋಳಿನ ಮೇಲಿತ್ತು. ಏನು ಹೇಳಿದಳು, ಫಾದರ್ ಏನೆಂದರು, ನನಗೆ ಗೊತ್ತಿಲ್ಲ. ಭಾನುವಾರ ಮಧ್ಯಾಹ್ನ ಫಾದರ್ ನನಗೆ ಎದುರೇ ಸಿಕ್ಕರು, ಮಕ್ಕಳು ಚೆನ್ನಾಗಿ ಹಾಡಿದರು ಎಂದಷ್ಟೇ ಹೇಳಿ ಹೋದರು.

ಪರಮಪ್ರಸಾದ ಆಯಿತು. ಅವ್ವ ಹೊಲಿದ ಬಿಳಿ ಫ್ರಾಕ್ ತುಸು ಉದ್ದವಾಗಿತ್ತು, ಒಂದು ಕೈಯಲ್ಲಿ ಎತ್ತಿ ಹಿಡಿದು ನಡೆದಳು. ತನ್ನ ಸರದಿ ಬಂದಾಗ ‘ಆಮೆನ್’ ಎಂದದ್ದು ಹಿಂದಿನ ಸಾಲಿಗೂ ಕೇಳಿಸಿತು. ವಾಪಸ್ ಬಂದು ಬೆಂಚಿನಲ್ಲಿ ಬಹಳ ಹೊತ್ತು ಮಂಡಿಯೂರಿಯೇ ಇದ್ದಳು. ಬೇರೆ ಮಕ್ಕಳನ್ನು ನಾನು ಫೋಟೋಗೆ ಕರೆದೆ. ಅವಳನ್ನು ಕರೆಯಲಿಲ್ಲ.

ಮನೆಯ ವಿಷಯ. ಅವಳು ತನ್ನ ಹಾಸಿಗೆಯನ್ನು ನನ್ನ ಕೋಣೆಯಿಂದ ತೆಗೆದು ಅವ್ವನ ಕೋಣೆಯಲ್ಲಿ ಹಾಕಿಕೊಂಡಿದ್ದಾಳೆ. ಸಿಟ್ಟಿಲ್ಲ, ಜಗಳವಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಕಾಪಿ ತೋರಿಸುತ್ತಾಳೆ. ಆದರೆ ಅತ್ತೆ ಎನ್ನುವುದಿಲ್ಲ. ಮನೆಯಲ್ಲೂ ಟೀಚರ್ ಎನ್ನುತ್ತಾಳೆ. “ಟೀಚರ್, ಅಜ್ಜಿ ಊಟಕ್ಕೆ ಕರೀತಿದ್ದಾಳೆ.” ಅವ್ವ ಮೊದಲ ದಿನ ಗದರಿದಳು, “ಅದೇನೇ ಅದು, ಮನೇಲಿ ಟೀಚರ್ರು?” ಇವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಇರಲಿ ಬಿಡು ಎಂದು ನಾನೇ ಅವ್ವನಿಗೆ ಹೇಳಿದೆ.

ಸಂಜೆ ಜಪಸರ ನಡೆಯುತ್ತದೆ. ಮುಗಿದ ಮೇಲೆ ಅವಳು ಗೋಡೆಯ ಕಡೆಗೆ ತಿರುಗಿ ಕೂತು ಇನ್ನೂ ಏನೋ ಹೇಳಿಕೊಳ್ಳುತ್ತಾಳೆ. ಸದ್ದಿಲ್ಲ, ತುಟಿ ಆಡುವುದು ಮಾತ್ರ ಕಾಣುತ್ತದೆ. ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಮುಂದಿನ ವರ್ಷ ಈ ಮಕ್ಕಳ ತರಗತಿ ಬೇಡವೆಂದು ಫಾದರಿಗೆ ಹೇಳಲು ಹೋಗಿದ್ದೆ. ಅವರು ಒಪ್ಪಲಿಲ್ಲ. ಚಾದರ ಮಾತ್ರ ಮನೆಗೆ ತೆಗೆದುಕೊಂಡು ಹೋಗು ಎಂದರು.

ನಿನ್ನ ಫೋನಿನ ವಿಷಯ ನಾನು ಯಾರಿಗೂ ಹೇಳಿಲ್ಲ, ಅವ್ವನಿಗೂ ಇಲ್ಲ. ಕಾಗದವನ್ನು ಒಲೆಗೆ ಹಾಕಿದ್ದೇನೆ. ಅಪ್ಪ ಇಪ್ಪತ್ತಾರಕ್ಕೆ ಬರುತ್ತಾನೆ, ನಿನಗೇನೋ ಹೇಳುವುದಿದೆಯಂತೆ ಎಂದಷ್ಟೇ ಚೋಟುವಿಗೆ ಹೇಳಿದೆ. ಅವಳು ಯೋಚಿಸಿ ಕೇಳಿದಳು, “ಅಪ್ಪ ಹೇಳೋವಾಗ ಟೀಚರ್ ಮನೇಲಿ ಇರ್ತಾರಾ?”

ಇರುವುದಿಲ್ಲ ಎಂದೆ. ನೀನು ಬರುವ ಹೊತ್ತಿಗೆ ನಾನು ಶಾಲೆಯಲ್ಲಿರುತ್ತೇನೆ. ಕೋಣೆಯ ಕಪಾಟು ಚೊಕ್ಕ ಮಾಡುವುದಿದೆ. ನಿಮ್ಮಿಬ್ಬರ ಮಾತು ಮುಗಿಯಲಿ. ಅವಳು ತಾನಾಗಿ ಕರೆಯಲು ಬಂದರೆ ಬರುತ್ತೇನೆ. ನೀನು ಕಳಿಸಬೇಡ.

ನಿನ್ನ ತಂಗಿ